ಅಪ್ಪನ ಕಾಲಿನ ಹುಣ್ಣು, ಕೊಲಿಸ್ಟಿನ್, ಪಾಲಿಮರಿಗೆ ಕಟ್ಟಿದ ಪೆಪ್ಟೈಡ್: ಬಲ್ಲವರು ಬಿಡಿಸಿ ಹೇಳಿ

ಕೆಮಿಸ್ಟ್ರಿ ಮಿಸ್, ದಾವಣಗೆರೆ
ಭಾನುವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಓದಿ.

ಅಪ್ಪನಿಗೆ 67. ಸಕ್ಕರೆ ಕಾಯಿಲೆ ಬಂದು 18 ವರ್ಷವಾಯಿತು. ಮೆಕ್ಕೆಜೋಳ ಕಟಾವಾದ ಹೊಲದಲ್ಲಿ ಓಡಾಡುವಾಗ ಕೂಳೆ ಬಲಗಾಲಿನ ಹೆಬ್ಬೆರಳ ಬುಡಕ್ಕೆ ಚುಚ್ಚಿದೆ. ಪಾದ ಜೋಮು ಹಿಡಿದಿರುವುದರಿಂದ ಅವರಿಗೆ ಗೊತ್ತೇ ಆಗಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಅಮ್ಮ ಹಾಸಿಗೆ ಮಡಚುವಾಗ ಕಾಲ್ದೆಸೆಯಲ್ಲಿ ಹಳದಿ ಕಲೆ ಕಂಡು, ಅಪ್ಪನ ಕಾಲು ತಿರುಗಿಸಿ ನೋಡಿದರು. ಊರಿನ ಒಂದು ಆಸ್ಪತ್ರೆಗೆ ಸೇರಿಸಿದೆವು. ಒಂಬತ್ತು ದಿನ ಒಂದಾದ ಮೇಲೊಂದು ಆಂಟಿಬಯಾಟಿಕ್ ಬದಲಾಯಿಸಿದರೇ ಹೊರತು ಕೀವನ್ನು ಕಲ್ಚರ್‌ಗೆ, ಅಂದರೆ ಯಾವ ರೋಗಾಣು, ಯಾವ ಔಷಧಿಗೆ ಬಗ್ಗುತ್ತದೆ ಅಂತ ನೋಡುವ ಪರೀಕ್ಷೆಗೆ ಕಳಿಸಲಿಲ್ಲ. ಆ ಸಂಕಟ ನನಗಿನ್ನೂ ಹೋಗಿಲ್ಲ. ಕೊನೆಗೂ ಬಂದ ರಿಪೋರ್ಟಿನಲ್ಲಿ ಕ್ಲೆಬ್ಸಿಯೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಅಂತ ಇತ್ತು. ಔಷಧಿಗಳ ಹೆಸರಿನ ಮುಂದೆ ಮೇಲಿನಿಂದ ಕೆಳಗಿನವರೆಗೂ ‘ಆರ್’, ಅಂದರೆ ರೆಸಿಸ್ಟೆಂಟ್, ಆ ಔಷಧಿಗೆ ಬಗ್ಗುವುದಿಲ್ಲ. ಉಳಿದದ್ದು ಕೊಲಿಸ್ಟಿನ್ ಒಂದೇ.

ಕೊಲಿಸ್ಟಿನ್ ಹಾಕಿದ ಮೇಲೆ ಜ್ವರ ಇಳಿಯಿತು, ಕೀವು ನಿಂತಿತು. ಆದರೆ 1.1 ಇದ್ದ ಕ್ರಿಯಾಟಿನಿನ್ (ಕಿಡ್ನಿ ಸೋತಷ್ಟೂ ರಕ್ತದಲ್ಲಿ ಏರುವ ಅಂಶ) ಆರನೇ ದಿನಕ್ಕೆ 2.9 ಆಯಿತು. ಕಾಲು ಉಳಿಸುವ ಔಷಧಿಯೇ ಕಿಡ್ನಿಗೆ ಕೈ ಹಾಕಿತು. ನಿಲ್ಲಿಸಿ, ಬರೀ ಡ್ರೆಸ್ಸಿಂಗ್ ಮೇಲೆ ನಡೆಸಿದರು. ಈಗ ಮನೆಯಲ್ಲಿದ್ದಾರೆ.

ರಾತ್ರಿ ನಿದ್ದೆ ಬರದೆ ಓದುತ್ತಾ ಹೋದಾಗ, ಕೊಲಿಸ್ಟಿನ್ ಕೂಡ ಒಂದು ಪೆಪ್ಟೈಡ್, ಅಂದರೆ ಅಮೈನೋ ಆಮ್ಲಗಳ ಪುಟ್ಟ ಸರಪಳಿ ಅಂತ ತಿಳಿಯಿತು. ಇಂಥ ಬ್ಯಾಕ್ಟೀರಿಯಾ ಕೊಲ್ಲುವ ಪೆಪ್ಟೈಡ್‌ಗಳನ್ನು ಪಾಲಿಮರಿಗೆ ಕಟ್ಟಿದರೆ ಮೈಗೆ ಆಗುವ ಅಪಾಯ ತಗ್ಗುತ್ತದಂತೆ. ನಾನು ಮಕ್ಕಳಿಗೆ ಪಾಲಿಮರ್ ಅಂದರೆ ಪಾಲಿಥೀನ್, ನೈಲಾನ್, ಬೇಕಲೈಟ್ ಅಂತ ಪಾಠ ಮಾಡುವವಳು. ಅದನ್ನು ಔಷಧಿಗೆ ಕಟ್ಟುವುದು ಯಾಕೆ, ಹೇಗೆ? ಕಟ್ಟಿದ ಮೇಲೂ ಅದು ಬ್ಯಾಕ್ಟೀರಿಯಾ ಕೊಲ್ಲುತ್ತದಾ?

ಪ್ಲೇಟ್ ನೋಡುವವಳು, ದಾವಣಗೆರೆ
ಭಾನುವಾರ, ರಾತ್ರಿ 10:15

ಮಿಸ್, ನಾನು ಮೈಕ್ರೋಬಯಾಲಜಿ ಲ್ಯಾಬ್ ಟೆಕ್ನಿಷಿಯನ್. ನಿಮ್ಮ ಅಪ್ಪನ ರಿಪೋರ್ಟಿನಂಥದ್ದು ನಮ್ಮ ಟೇಬಲ್ಲಿಗೆ ಬಂದಾಗ ಕೈ ಒಂದು ನಿಮಿಷ ನಿಲ್ಲುತ್ತೆ.

ಒಂದು ವಿಷಯ ಮೊದಲೇ ಹೇಳಿಬಿಡ್ತೀನಿ. ಕೊಲಿಸ್ಟಿನ್‌ಗೆ, ಔಷಧಿ ಹಚ್ಚಿದ ಡಿಸ್ಕ್ ಇಟ್ಟು ಅದರ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಜಾಗ (ಝೋನ್) ಅಳೆಯುವ ಪದ್ಧತಿ ನಂಬಲು ಬರಲ್ಲ. ಆ ಅಣು ದೊಡ್ಡದು, ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿಯಾದ ಅಗರ್‌ನಲ್ಲಿ ಸರಿಯಾಗಿ ಹರಡಲ್ಲ. ಹಾಗಾಗಿ ಬ್ರಾತ್ ಮೈಕ್ರೋಡೈಲ್ಯೂಷನ್ ಮಾಡಬೇಕು. 96 ಗುಳಿ ಇರುವ ಪ್ಲೇಟಿನಲ್ಲಿ ಒಂದರಿಂದ ಮುಂದಿನದಕ್ಕೆ ಅರ್ಧರ್ಧ ತೆಳು ಮಾಡುತ್ತಾ ಹೋಗಿ, ರಾತ್ರಿಯಿಡೀ ಇಟ್ಟು, ಬೆಳಿಗ್ಗೆ ಯಾವ ಗುಳಿಯಿಂದ ಮಸುಕು ಕಾಣ್ತದೆ ಅಂತ ನೋಡೋದು. ಮಸುಕಿಲ್ಲದ ಕೊನೇ ಗುಳಿಯ ಅಳತೆಯೇ ಎಂಐಸಿ, ಅಂದರೆ ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುವ ಕನಿಷ್ಠ ಅಳತೆ. ಇನ್ನೊಂದು ಮಾತು, ಲ್ಯಾಬ್ ಪರೀಕ್ಷೆಗಳಿಗೆ ಮಾನದಂಡ ಹೇಳುವ ಅಮೆರಿಕದ ಸಿಎಲ್‌ಎಸ್‌ಐ ಸಂಸ್ಥೆಯ ನಿಯಮದಲ್ಲಿ 2020ರಿಂದ ಕೊಲಿಸ್ಟಿನ್‌ಗೆ ‘ಸಸೆಪ್ಟಿಬಲ್’, ಅಂದರೆ ಔಷಧಿಗೆ ಬಗ್ಗುತ್ತೆ ಅನ್ನೋ ವರ್ಗವನ್ನೇ ತೆಗೆದಿದ್ದಾರೆ. ಮಿಲಿಲೀಟರ್‌ಗೆ 2 ಮೈಕ್ರೊಗ್ರಾಂ ಅಥವಾ ಅದಕ್ಕಿಂತ ಕಡಿಮೆ ಬಂದರೂ ‘ಇಂಟರ್ಮೀಡಿಯಟ್’ ಅಂತಲೇ ಬರೀಬೇಕು. ಕೊಲ್ಲುವ ಅಳತೆಗೂ ಕಿಡ್ನಿ ಕೆಡಿಸುವ ಅಳತೆಗೂ ನಡುವೆ ಜಾಗ ಅಷ್ಟು ಕಡಿಮೆ.

ಪಾಲಿಮರ್ ವಿಷಯ ನನಗೂ ತಿಳ್ಕೋಬೇಕಿದೆ.

ಕಲ್ಲಿನಕೋಟೆ ಹುಡುಗ
ಸೋಮವಾರ, ಬೆಳಿಗ್ಗೆ 7:05

ಮೇಡಂ, ನಾನು ಚಿತ್ರದುರ್ಗದವನು. ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಇದೇ ವಿಷಯದ ಮೇಲೆ ಪಿಎಚ್‌ಡಿ ಮಾಡ್ತಿದ್ದೇನೆ, ನಾಲ್ಕನೇ ವರ್ಷ. ನಿಮ್ಮ ಪೋಸ್ಟ್ ಓದಿದ ಮೇಲೆ ಉತ್ತರಿಸದೆ ಲ್ಯಾಬಿಗೆ ಹೋಗಲು ಮನಸ್ಸಾಗಲಿಲ್ಲ.

ಬ್ಯಾಕ್ಟೀರಿಯಾ ಕೊಲ್ಲುವ ಪೆಪ್ಟೈಡ್ ಅಂದರೆ ಸಾಮಾನ್ಯವಾಗಿ 12ರಿಂದ 50 ಅಮೈನೋ ಆಮ್ಲಗಳ ಪುಟ್ಟ ಸರಪಳಿ. ಕಪ್ಪೆಯ ಚರ್ಮ, ಹುಳುಗಳ ರಕ್ತ, ನಮ್ಮ ಬೆವರು, ಬಾಯಿ, ಕರುಳು, ಎಲ್ಲೆಲ್ಲೂ ಇವೆ. ನಮ್ಮ ಬಿಳಿ ರಕ್ತಕಣಗಳಲ್ಲಿರುವ ಎಲ್‌ಎಲ್-37 ಅನ್ನುವುದರಲ್ಲಿ 37 ಅಮೈನೋ ಆಮ್ಲಗಳಿವೆ. 1987ರಲ್ಲಿ ಮೈಕೆಲ್ ಝಾಸ್ಲಾಫ್ ಅನ್ನುವ ವಿಜ್ಞಾನಿ ಆಫ್ರಿಕದ ಕಪ್ಪೆಯ ಚರ್ಮದಿಂದ ಮಗೈನಿನ್ ಬೇರ್ಪಡಿಸಿದರು. ಹೊಟ್ಟೆ ಸೀಳಿ ಹೊಲಿಗೆ ಹಾಕಿದ ಕಪ್ಪೆಗಳನ್ನು ಕೊಳಕು ನೀರಿಗೆ ಬಿಟ್ಟರೂ ಗಾಯ ಕೀವಾಗದೆ ಮಾಯುತ್ತಿದ್ದುದನ್ನು ನೋಡಿಯೇ ಅವರು ಆ ಕಡೆ ತಿರುಗಿದ್ದು.

ಇವು ಹೇಗೆ ಕೊಲ್ಲುತ್ತವೆ? ಇವುಗಳಲ್ಲಿ ಲೈಸಿನ್, ಅರ್ಜಿನಿನ್ ಜಾಸ್ತಿ, ಹಾಗಾಗಿ ಮೈಮೇಲೆ ಧನ ವಿದ್ಯುದಂಶ. ಬ್ಯಾಕ್ಟೀರಿಯಾದ ಹೊರಮೈ ಋಣ. ಹೋಗಿ ಅಂಟಿಕೊಳ್ಳುತ್ತವೆ. ಪೆಪ್ಟೈಡಿನ ಒಂದು ಮಗ್ಗುಲು ನೀರಿಗೆ ಒಗ್ಗುತ್ತದೆ, ಇನ್ನೊಂದು ಮಗ್ಗುಲು ಎಣ್ಣೆಗೆ ಒಗ್ಗುತ್ತದೆ. ಎಣ್ಣೆ ಮಗ್ಗುಲು ಪೊರೆಯ ಕೊಬ್ಬಿನೊಳಗೆ ಹೊಕ್ಕು ಅದನ್ನು ಹರಿಯುತ್ತದೆ. ನಮ್ಮ ಜೀವಕೋಶದ ಹೊರಪದರ ಬಹುಪಾಲು ತಟಸ್ಥ, ಕೊಲೆಸ್ಟರಾಲ್ ಇರುವುದರಿಂದ ಗಟ್ಟಿ ಕೂಡ. ಅದಕ್ಕೇ ನಾವು ಪಾರು. ಆದರೆ ಪೂರ್ತಿ ಪಾರಲ್ಲ. ಪ್ರಮಾಣ ಏರಿದರೆ ಅದೇ ಎಣ್ಣೆ ಮಗ್ಗುಲು ನಮ್ಮ ಕೆಂಪು ರಕ್ತಕಣವನ್ನೂ ಒಡೆಯುತ್ತದೆ. ಜೇನ್ನೊಣದ ವಿಷದಲ್ಲಿರುವ ಮೆಲಿಟಿನ್ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ, ರಕ್ತಕಣವನ್ನೂ ಬಿಡುವುದಿಲ್ಲ. ನಿಸರ್ಗದ್ದು ಅಂದ ಮಾತ್ರಕ್ಕೆ ಸಾಧು ಅಂತ ಯಾರೂ ತಿಳಿಯಬಾರದು.

ಕೊಲಿಸ್ಟಿನ್ ಬೇರೆ ಕುಲದ್ದು, ಮಣ್ಣಿನ ಬ್ಯಾಕ್ಟೀರಿಯಾ ತಯಾರಿಸುವಂಥದ್ದು. ಹತ್ತು ಅಮೈನೋ ಆಮ್ಲ, ಕೊಬ್ಬಿನ ಒಂದು ಬಾಲ, ಐದು ಧನ ವಿದ್ಯುದಂಶ. ಕಿಡ್ನಿಯ ಸೋಸುನಾಳದ ಕೋಶಗಳು ಅದನ್ನು ಹೊರಗೆ ಬಿಡದೆ ಒಳಗೆ ಎಳೆದು ಕೂಡಿಟ್ಟುಕೊಳ್ಳುತ್ತವೆ. ಅಪ್ಪಾಜಿಗೆ ಆದದ್ದು ಅದೇ.

ಇನ್ನೊಂದು ಕಷ್ಟ ಇದೆ. ನಮ್ಮ ಮೈಯ ಟ್ರಿಪ್ಸಿನ್ ಥರದ ಕಿಣ್ವಗಳು ಕತ್ತರಿಸುವುದೇ ಲೈಸಿನ್, ಅರ್ಜಿನಿನ್ ಆದ ಮೇಲೆ. ಈ ಪೆಪ್ಟೈಡುಗಳ ತುಂಬ ಇರುವುದು ಅವೇ. ರಕ್ತಕ್ಕೆ ಬಿಟ್ಟರೆ ಬಹಳಷ್ಟು ಪೆಪ್ಟೈಡುಗಳು ಬೇಗ ಚೂರಾಗಿಬಿಡುತ್ತವೆ.

ಪಾಲಿಮರಿಗೆ ಕಟ್ಟುವುದು ಈ ಎರಡಕ್ಕೂ. ನೀರನ್ನು ಹಿಡಿದಿಟ್ಟುಕೊಳ್ಳುವ ದೊಡ್ಡ ಪಾಲಿಮರ್ ಪೆಪ್ಟೈಡಿನ ಸುತ್ತ ಇದ್ದರೆ ಕಿಣ್ವಕ್ಕೆ ಹತ್ತಿರ ಬರಲು ಜಾಗ ಸಿಗದು, ಕೆಂಪು ಕಣಕ್ಕೂ ಅಷ್ಟು ಸುಲಭಕ್ಕೆ ತಾಗದು, ಗಾತ್ರ ದೊಡ್ಡದಾದ್ದರಿಂದ ಕಿಡ್ನಿಯ ಜರಡಿಯಲ್ಲಿ ಬೇಗ ಸೋರದು. ನೀವು ಕೇಳಿದ ಕೊನೇ ಪ್ರಶ್ನೆಯೇ ಇಡೀ ವಿಷಯದ ಗಂಟು: ಅದೇ ಪಾಲಿಮರ್ ಬ್ಯಾಕ್ಟೀರಿಯಾಕ್ಕೂ ಅಡ್ಡ ನಿಲ್ಲುತ್ತದೆ. ವಿಷ ಇಳಿದ ಹಾಗೆ ಕೊಲ್ಲುವ ಶಕ್ತಿಯೂ ಇಳಿಯುತ್ತದೆ. ಉಳಿದದ್ದು ರಾತ್ರಿ ಬರೆಯುತ್ತೇನೆ.

ರೇಷ್ಮೆಗೂಡು, ಮೊಳಕಾಲ್ಮೂರು
ಸೋಮವಾರ, ಬೆಳಿಗ್ಗೆ 8:30

ಹುಳುವಿನ ರಕ್ತ ಅಂದ್ರಲ್ಲ, ರೇಷ್ಮೆ ಹುಳದಲ್ಲೂ ಐತಾ ಇದು? ಇದ್ರೆ ನಮ್ಮ ಹುಳಕ್ಕೆ ಸಪ್ಪೆರೋಗ ಯಾಕೆ ಬರ್ತದೆ? ಕಳೆದ ಸಲ ಮೂರು ತಟ್ಟೆ ಹುಳ ಕರಗಿ ನೀರಾಯ್ತು.

ಕಲ್ಲಿನಕೋಟೆ ಹುಡುಗ
ಸೋಮವಾರ, ಮಧ್ಯಾಹ್ನ 1:20

ಐತಣ್ಣ. ಇಡೀ ಕಥೆ ದೊಡ್ಡದಾಗಿ ಶುರುವಾದದ್ದೇ ಅಲ್ಲಿಂದ. ಸ್ವೀಡನ್ನಿನ ಹಾನ್ಸ್ ಬೊಮನ್ ಅವರ ಗುಂಪು 1980ರ ಸುಮಾರಿಗೆ ಸಿಕ್ರೋಪಿಯ ಅನ್ನುವ ದೊಡ್ಡ ಕಾಡುರೇಷ್ಮೆ ಪತಂಗದ ಪ್ಯೂಪಾಗೆ (ಗೂಡಿನೊಳಗಿನ ಹುಳಕ್ಕೆ) ಬ್ಯಾಕ್ಟೀರಿಯಾ ಚುಚ್ಚಿ, ಅದರ ರಕ್ತದಲ್ಲಿ ಹೊಸದಾಗಿ ಹುಟ್ಟಿದ ಪೆಪ್ಟೈಡ್ ಹಿಡಿದರು. ಅದಕ್ಕೆ ಸಿಕ್ರೋಪಿನ್ ಅಂತಲೇ ಹೆಸರು. ನಮ್ಮ ಹಿಪ್ಪುನೇರಳೆ ಹುಳದಲ್ಲೂ ಅದರ ಜಾತಿಯದ್ದು ಇದೆ. ಆದರೆ ಹುಳ ಅದನ್ನು ತಯಾರಿಸಲು ಹೊತ್ತು ಬೇಕು, ಬ್ಯಾಕ್ಟೀರಿಯಾ ಹೆಚ್ಚುವ ವೇಗಕ್ಕೆ ಎಷ್ಟೋ ಸಲ ಸಾಲದು. ತಟ್ಟೆಯಲ್ಲಿ ಒದ್ದೆ, ಸೆಕೆ ಹೆಚ್ಚಿದ್ದರೆ ಮುಗಿಯಿತು. ಸಪ್ಪೆರೋಗದಲ್ಲಿ ವೈರಸ್ಸಿನ ಕೈವಾಡವೂ ಇರುತ್ತದೆ, ಅದರ ಮೇಲೆ ಸಿಕ್ರೋಪಿನ್‌ನದ್ದು ನಡೆಯುವುದಿಲ್ಲ.

ಹಳೇ ಎಂ.ಡಿ.
ಸೋಮವಾರ, ಸಂಜೆ 6:10

ಉತ್ಸಾಹ ಒಳ್ಳೆಯದು. ಆದರೆ ಮನೆಯಲ್ಲಿ ರೋಗಿಯನ್ನು ಇಟ್ಟುಕೊಂಡವರು ಓದುತ್ತಿದ್ದಾರೆ, ಆದ್ದರಿಂದ ಸೋತ ಕಥೆಯೂ ಇಲ್ಲಿ ಇರಲಿ.

ಮಗೈನಿನ್ ಬದಲಿಸಿ ಮಾಡಿದ ಪೆಕ್ಸಿಗನಾನ್ ಅನ್ನುವ ಮುಲಾಮು, ಸರಿಯಾಗಿ ಇದೇ ಮಧುಮೇಹದ ಕಾಲಿನ ಹುಣ್ಣಿಗೆ ಅಂತಲೇ ದೊಡ್ಡ ಪರೀಕ್ಷೆಗಳನ್ನು ದಾಟಿ ಔಷಧಿಗಳಿಗೆ ಅನುಮತಿ ಕೊಡುವ ಅಮೆರಿಕದ ಎಫ್‌ಡಿಎ ಮುಂದೆ ಹೋಗಿತ್ತು. 1999ರಲ್ಲಿ ಅನುಮತಿ ನಿರಾಕರಿಸಿದರು. ಆಗಲೇ ಇದ್ದ ಓಫ್ಲಾಕ್ಸಸಿನ್ ಮಾತ್ರೆಗಿಂತ ಮಿಗಿಲು ಅಂತ ತೋರಿಸಲಾಗಲಿಲ್ಲ. ಮುಂದೆ ಮತ್ತೊಮ್ಮೆ ಪ್ರಯತ್ನವಾಯಿತು, 2016ರಲ್ಲಿ ಅದೂ ಕೈಕೊಟ್ಟಿತು. ಪ್ಲೇಟಿನಲ್ಲಿ ಕೊಲ್ಲುವುದು ಬೇರೆ, ಕೀವು, ಸತ್ತ ಮಾಂಸ, ಉಪ್ಪು, ಪ್ರೋಟೀನ್ ತುಂಬಿದ ಹುಣ್ಣಿನಲ್ಲಿ ಕೊಲ್ಲುವುದು ಬೇರೆ. ರಕ್ತ ಓಡದ ಪಾದದಲ್ಲಿ ಯಾವ ಔಷಧಿಯೂ ಒಂಟಿಯಾಗಿ ಗೆಲ್ಲುವುದಿಲ್ಲ. ಸತ್ತ ಮಾಂಸ ತೆಗೆಯಬೇಕು, ಪಾದದ ಮೇಲಿನ ಭಾರ ಇಳಿಸಬೇಕು, ಸಕ್ಕರೆ ಹತೋಟಿಗೆ ಬರಬೇಕು.

ಮೇಡಂ, ಇವತ್ತಿನ ದಿನ ಅಪ್ಪನವರಿಗೆ ಈ ಯಾವ ಪಾಲಿಮರ್ ಔಷಧಿಯೂ ಅಂಗಡಿಯಲ್ಲಿ ಸಿಗುವುದಿಲ್ಲ. ಯಾರಾದರೂ ಪೆಪ್ಟೈಡ್ ಕ್ರೀಮ್ ಅಂತ ಮಾರಲು ಬಂದರೆ ಗಾಯಕ್ಕೆ ಹಚ್ಚಬೇಡಿ. ಒಂಬತ್ತು ದಿನ ಕಲ್ಚರ್ ಇಲ್ಲದೆ ಕಳೆದದ್ದು ಓದಿ ವೈದ್ಯನಾಗಿ ನನಗೆ ನೋವಾಯಿತು.

ಕೆಮಿಸ್ಟ್ರಿ ಮಿಸ್, ದಾವಣಗೆರೆ
ಸೋಮವಾರ, ಸಂಜೆ 6:55

ಧನ್ಯವಾದ ಡಾಕ್ಟ್ರೇ. ಮನೆಯಲ್ಲಿ ಪ್ರಯೋಗ ಮಾಡಲ್ಲ, ಭರವಸೆ ಕೊಡ್ತೀನಿ. ಆದರೂ ಅರ್ಥ ಮಾಡ್ಕೊಳ್ಳದೆ ಇರಲಾರೆ. ಐಸಿಎಂಆರ್ 2023ರಲ್ಲಿ ಹೇಳಿದ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನಕ್ಕೆ ಸಕ್ಕರೆ ಕಾಯಿಲೆ ಇದೆ. ನಮ್ಮಪ್ಪ ಒಬ್ಬರ ಕಾಲಲ್ಲ ಇದು.

ಗಿರಣಿ ಊರಿನವ
ಸೋಮವಾರ, ರಾತ್ರಿ 8:20

ನಮಸ್ಕಾರ. ನಾನು ದಾವಣಗೆರೆಯ ಕಾಟನ್ ಮಿಲ್ ಒಂದರಲ್ಲಿ 26 ವರ್ಷ ಡೈಯಿಂಗ್ ಮಾಸ್ಟರ್ ಆಗಿದ್ದೆ. ಮಿಲ್ಲುಗಳೆಲ್ಲ ಮುಚ್ಚಿ ಎಷ್ಟೋ ಕಾಲವಾಯ್ತು. ಔಷಧಿ ವಿಷಯ ನನಗೆ ತಿಳೀದು. ಆದ್ರೆ ಮಿಸ್ ಕೇಳಿದ ‘ಕಟ್ಟೋದು ಹೆಂಗೆ’ ಅನ್ನೋ ಮಾತು ನಮ್ಮ ಕಸುಬಿನದು, ಅದಕ್ಕೆ ಬರೀತಿದೀನಿ.

ಹತ್ತೀನೂ ಪಾಲಿಮರೇ. ಸೆಲ್ಯುಲೋಸ್. ಬಟ್ಟೆಗೆ ಬಣ್ಣ ಹತ್ತಿಸೋಕೆ ಎರಡು ದಾರಿ ಐತೆ. ಡೈರೆಕ್ಟ್ ಡೈ ಅಂದ್ರೆ ಬಣ್ಣ ನೂಲಿಗೆ ಅಂಟ್ಕೊಂಡು ಕೂರೋದು ಅಷ್ಟೇ, ನಾಲ್ಕು ಒಗೆತಕ್ಕೆ ಬಿಡ್ತದೆ. ರಿಯಾಕ್ಟಿವ್ ಡೈ ಬೇರೆ. ಅದು 1956ರಲ್ಲಿ ಪ್ರೊಸಿಯಾನ್ ಅನ್ನೋ ಹೆಸರಲ್ಲಿ ಬಂತು. ಸೋಡಾ ಹಾಕಿ ಕಾವು ಕೊಟ್ರೆ ಬಣ್ಣದ ಅಣು ಹತ್ತಿಯ ಅಣೂಗೇ ಬೆಸ್ಕೊಂಡ್‌ಬಿಡ್ತದೆ. ಆಮೇಲೆ ಬಟ್ಟೆ ಹರೀಬೇಕೇ ಹೊರತು ಬಣ್ಣ ಹೋಗಲ್ಲ. ನೀವು ಹೇಳೋದು ಈ ಎರಡನೇದು ತಾನೆ, ತಮ್ಮಾ?

ಒಂದು ಎಚ್ಚರಿಕೆ. ಹಾಕಿದ ಬಣ್ಣ ಪೂರ್ತಿ ಬಟ್ಟೆಗೆ ಹೋಗಲ್ಲ. ಒಂದಷ್ಟು ನೀರಿನ ಜೊತೆಗೇ ಕೂಡ್ಕೊಂಡು ಕೆಟ್ಟುಹೋಗ್ತದೆ, ಅದು ಬಟ್ಟೆ ಮೇಲೆ ಸುಮ್ನೆ ಕೂತಿರ್ತದೆ. ಕುದಿಯೋ ಸೋಪಿನ ನೀರಲ್ಲಿ ಅದನ್ನ ತೆಗೀದಿದ್ರೆ ಗಿರಾಕಿ ಮನೆಯಲ್ಲಿ ಬಿಳಿ ಪಂಚೆಗೆಲ್ಲ ಕೆಂಪು ಹತ್ತಿ ಬೈಗುಳ ತಿನ್ನೋದು ನಾವು.

ಕಲ್ಲಿನಕೋಟೆ ಹುಡುಗ
ಸೋಮವಾರ, ರಾತ್ರಿ 11:30

ಯಜಮಾನ್ರೇ, ನಾನು ಮೂರು ಪುಟದಲ್ಲಿ ಹೇಳಬೇಕಾದ್ದನ್ನು ನೀವು ಹತ್ತು ಸಾಲಿನಲ್ಲಿ ಹೇಳಿದಿರಿ. ಹೌದು, ಎರಡನೆಯದೇ. ಪೆಪ್ಟೈಡಿನ ತುದಿಗೆ ಸಿಸ್ಟೀನ್ ಅನ್ನುವ ಅಮೈನೋ ಆಮ್ಲ ಸೇರಿಸುತ್ತೇವೆ. ಅದರ ಗಂಧಕದ ಕೊಂಡಿ ಪಾಲಿಮರಿನ ಮೇಲಿರುವ ಮೆಲಿಮೈಡ್ ಅಥವಾ ವಿನೈಲ್ ಸಲ್ಫೋನ್ ಅನ್ನುವ ಗುಂಪನ್ನು ಹಿಡಿಯುತ್ತದೆ. ರೆಮಝೋಲ್ ಬಣ್ಣಗಳಲ್ಲಿ ಹತ್ತಿಯನ್ನು ಹಿಡಿಯುವುದು ಇದೇ ವಿನೈಲ್ ಸಲ್ಫೋನ್, ನಿಮಗೆ ಗೊತ್ತೇ ಇರುತ್ತದೆ. ಪೆಪ್ಟೈಡಿನ ಲೈಸಿನ್‌ಗಳಿಗೇ ಕಟ್ಟಿದರೆ ಅವುಗಳ ಧನ ವಿದ್ಯುದಂಶ ಕಳೆದುಹೋಗಬಹುದು, ಬ್ಯಾಕ್ಟೀರಿಯಾಕ್ಕೆ ಅಂಟುವ ಗುಣವೇ ಸತ್ತಂತೆ. ಅದಕ್ಕೇ ತುದಿಯಲ್ಲಿ ಒಂದೇ ಒಂದು ಕೊಂಡಿ.

ಈಗ ಪಾಲಿಮರ್ ಯಾವುದು ಅನ್ನುವ ವಿಚಾರ. ಎಲ್ಲರೂ ಮೊದಲು ಹಿಡಿದದ್ದು ಪಿಇಜಿ, ಪಾಲಿ ಎಥಿಲೀನ್ ಗ್ಲೈಕಾಲ್. ಪ್ರೋಟೀನ್ ಔಷಧಿಗಳಿಗೆ ಅದನ್ನು ಕಟ್ಟುವ ವಿದ್ಯೆ 1977ರಿಂದ ಇದೆ, 1990ರಲ್ಲಿ ಮೊದಲ ಔಷಧಿ ಮಾರುಕಟ್ಟೆಗೆ ಬಂತು. ಪೆಪ್ಟೈಡಿಗೆ ಕಟ್ಟಿದಾಗ ರಕ್ತಕಣ ಒಡೆಯುವುದು ಇಳಿಯಿತು, ಜೊತೆಗೆ ಬ್ಯಾಕ್ಟೀರಿಯಾ ಕೊಲ್ಲುವುದೂ ಇಳಿಯಿತು.

ಕೆನಡಾದ ವ್ಯಾಂಕೂವರ್‌ನಲ್ಲಿರುವ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದವರು ಇನ್ನೊಂದು ದಾರಿ ಹಿಡಿದರು. ಆಸ್ಟ್ರೇಲಿಯಾದ ಕಪ್ಪೆಯಿಂದ ಬಂದ ಆರೀನ್ 2.2 ಅನ್ನುವ ಪೆಪ್ಟೈಡನ್ನು ಹೈಪರ್‌ಬ್ರಾಂಚ್ಡ್ ಪಾಲಿಗ್ಲಿಸರಾಲ್‌ಗೆ ಕಟ್ಟಿದರು. ಇದು ನೂಲಿನ ಹಾಗೆ ಉದ್ದಕ್ಕಿಲ್ಲ, ಕವಲು ಕವಲಾಗಿ ಒತ್ತಾಗಿ ಬೆಳೆದ ಬೇಲಿಗಿಡದ ಹಾಗೆ ಗುಂಡಗಿರುತ್ತದೆ. ಒಂದೇ ಗಿಡದ ಮೇಲೆ ಹಲವು ಪೆಪ್ಟೈಡ್ ಕೂರಿಸಬಹುದು. ರಕ್ತಕ್ಕೆ ತುಂಬಾ ಸೌಮ್ಯವಾಯಿತು. ಶಕ್ತಿ ಇಲ್ಲೂ ಕುಸಿಯಿತು, ಆದರೆ ಅವರು ಅಲ್ಲಿಗೆ ಬಿಡಲಿಲ್ಲ. ಪೆಪ್ಟೈಡಿನ ಕೆಲವು ಅಮೈನೋ ಆಮ್ಲ ಬದಲಿಸಿ, ಟ್ರಿಪ್ಟೊಫಾನ್, ಅರ್ಜಿನಿನ್ ಹೆಚ್ಚಿಸಿ, ಪಾಲಿಮರಿನ ಗಾತ್ರವನ್ನೂ ಹಿಗ್ಗಿಸಿ ಕುಗ್ಗಿಸಿ ನೋಡಿ, ಕಳೆದ ಶಕ್ತಿಯನ್ನು ಬಹಳಷ್ಟು ವಾಪಸ್ ತಂದರು. ನನಗೆ ಅದರಿಂದ ಕಲಿತದ್ದು ಏನೆಂದರೆ, ಬಿಡಿಯಾಗಿ ಚೆನ್ನಾಗಿ ಕೊಲ್ಲುವ ಪೆಪ್ಟೈಡೇ ಕಟ್ಟಿದ ಮೇಲೂ ಚೆನ್ನಾಗಿರುತ್ತದೆ ಅಂತೇನಿಲ್ಲ. ಕಟ್ಟುವುದಕ್ಕೆಂದೇ ಬೇರೆ ಪೆಪ್ಟೈಡ್ ಹುಡುಕಬೇಕು.

ಕಟ್ಟುವ ಗೋಜೇ ಬೇಡ, ಪೆಪ್ಟೈಡನ್ನೇ ಪಾಲಿಮರ್ ಆಗಿ ಬೆಳೆಸೋಣ ಅಂದವರೂ ಇದ್ದಾರೆ. 2016ರಲ್ಲಿ ಮೆಲ್ಬರ್ನ್ ವಿಶ್ವವಿದ್ಯಾಲಯದವರು ನಡುವಿನ ಒಂದು ಗುಬುಟಿನಿಂದ 16 ಅಥವಾ 32 ತೋಳು ಚಾಚಿದ, ಲೈಸಿನ್ ಮತ್ತು ವ್ಯಾಲಿನ್‌ನಿಂದ ಬೆಳೆಸಿದ ನಕ್ಷತ್ರದಂಥ ಅಣು ಮಾಡಿ, ಯಾವುದಕ್ಕೂ ಬಗ್ಗದ ಅಸಿನೆಟೊಬ್ಯಾಕ್ಟರ್ ಅನ್ನುವ ಬ್ಯಾಕ್ಟೀರಿಯಾವನ್ನು ಇಲಿಗಳಲ್ಲಿ ಸೋಲಿಸಿದರು. ನಮ್ಮಲ್ಲೇ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಕೇಂದ್ರದಲ್ಲಿ ಜಯಂತ ಹಲ್ದಾರ್ ಅವರ ಗುಂಪು ಬ್ಯಾಕ್ಟೀರಿಯಾ ಕೊಲ್ಲುವ ಪಾಲಿಮರುಗಳ ಮೇಲೆ ವರ್ಷಗಳಿಂದ ಕೆಲಸ ಮಾಡುತ್ತಿದೆ.

ಮೇಡಂ, ನಿಮಗಾಗಿ ಇಟ್ಟುಕೊಂಡದ್ದು ಇದು: ಕೊಲಿಸ್ಟಿನ್ನನ್ನೇ ಕಟ್ಟಿ ನೋಡಿದ್ದಾರೆ. ಬ್ರಿಟನ್ನಿನ ಕಾರ್ಡಿಫ್ ವಿಶ್ವವಿದ್ಯಾಲಯದವರು ಅದನ್ನು ಡೆಕ್ಸ್‌ಟ್ರಿನ್‌ಗೆ ಕಟ್ಟಿದರು. ಡೆಕ್ಸ್‌ಟ್ರಿನ್ ಅಂದರೆ ಪಿಷ್ಟದ ತುಂಡು. ಕಟ್ಟಿರುವಷ್ಟು ಹೊತ್ತು ಕೊಲಿಸ್ಟಿನ್ ಮುಚ್ಚಿಟ್ಟಂತೆ ಇರುತ್ತದೆ, ವಿಷವೂ ಕಡಿಮೆ. ಮೈಯಲ್ಲಿರುವ ಅಮೈಲೇಸ್ ಕಿಣ್ವ ಡೆಕ್ಸ್‌ಟ್ರಿನ್ನನ್ನು ಮೆಲ್ಲಗೆ ಕಡಿದ ಹಾಗೆ ಕೊಲಿಸ್ಟಿನ್ ತೆರೆದುಕೊಳ್ಳುತ್ತದೆ. ಎಷ್ಟು ಬೇಗ ಕಡಿಯಬೇಕು ಅನ್ನುವುದನ್ನೂ ಪಿಷ್ಟಕ್ಕೆ ಸಕ್ಸಿನಿಕ್ ಆಮ್ಲದ ಗುಂಪು ಸೇರಿಸಿ ಹೊಂದಿಸಬಹುದು. ಊತ ಬಂದ ಜಾಗದಲ್ಲಿ ರಕ್ತನಾಳ ಸೋರುವುದರಿಂದ ದೊಡ್ಡ ಅಣು ಅಲ್ಲೇ ಹೆಚ್ಚು ಸೇರಿಕೊಳ್ಳುತ್ತದೆ ಅನ್ನುವುದು ಲೆಕ್ಕಾಚಾರ. ಇದಿನ್ನೂ ಲ್ಯಾಬಿನ ಹಂತದ ಮಾತು, ಡಾಕ್ಟ್ರು ಹೇಳಿದ್ದು ಸರಿ.

ರಕ್ತಕ್ಕೆ ಹೋಗುವುದಾದರೆ ಬಿಚ್ಚಿಕೊಳ್ಳುವ ಗಂಟು ಬೇಕು, ಗಾಯದ ಬಟ್ಟೆಗಾದರೆ ಬಿಚ್ಚದ ಗಂಟು ಬೇಕು. ನಾಲ್ಕು ವರ್ಷದಲ್ಲಿ ನಾನು ತಿಳಿದ ದೊಡ್ಡ ವಿಷಯ ಇದೊಂದೇ.

ಗಿರಣಿ ಊರಿನವ
ಮಂಗಳವಾರ, ಬೆಳಿಗ್ಗೆ 6:00

ಅಮೈಲೇಸ್! ನಾವು ಮಗ್ಗದಿಂದ ಬಂದ ಬಟ್ಟೆಯ ಗಂಜಿ ತೆಗೆಯೋಕೆ ಹಾಕ್ತಿದ್ದದ್ದು ಅದನ್ನೇ. ಡಿಸೈಜಿಂಗ್ ಅಂತಿದ್ವಿ. ರಾತ್ರಿ ನೆನೆಹಾಕಿದ್ರೆ ಬೆಳಿಗ್ಗೆ ಗಂಜಿ ಕರಗಿ ಹೋಗಿರೋದು.

ಕೋಳಿಫಾರಂ, ಹೊನ್ನಾಳಿ
ಮಂಗಳವಾರ, ಬೆಳಿಗ್ಗೆ 9:45

ನಾನು ಹೇಳೋದು ಸ್ವಲ್ಪ ಭಾರದ ಮಾತು. ಮೊದಲು ನಮ್ಮ ಫೀಡ್ ಜೊತೆ ಬರೋ ಪುಡಿಯಲ್ಲಿ ಕೊಲಿಸ್ಟಿನ್ ಇರ್ತಿತ್ತು. ಕೋಳಿ ಬೇಗ ತೂಕ ಬರ್ತದೆ, ಭೇದಿ ಆಗಲ್ಲ ಅಂತ ಚಮಚ ಲೆಕ್ಕದಲ್ಲಿ ಹಾಕ್ತಿದ್ವಿ. ಮನುಷ್ಯರಿಗೆ ಕೊನೆಗಾಲದ ಔಷಧಿ ಅಂತ ನಮಗ್ಯಾರೂ ಹೇಳಿರಲಿಲ್ಲ. 2019ರ ಜುಲೈನಲ್ಲಿ ಕೇಂದ್ರ ಸರ್ಕಾರ ಕೋಳಿ, ಮೀನು, ದನಕರುಗಳಿಗೆ ಅದನ್ನ ನಿಷೇಧ ಮಾಡಿದ ಮೇಲೆ ಗೊತ್ತಾಯ್ತು. ಮಿಸ್, ನಿಮ್ಮ ತಂದೆಯವರ ವಿಷಯ ಓದಿ ಎರಡು ದಿನ ಮನಸ್ಸಿಗೆ ಸಮಾಧಾನ ಇಲ್ಲ. ಈಗ ಲಿಟ್ಟರ್ (ಶೆಡ್ಡಿನ ನೆಲಕ್ಕೆ ಹಾಸೋ ಹೊಟ್ಟು) ಒಣಗಿಸೋದು, ನೀರಿಗೆ ಕ್ಲೋರಿನ್, ಹೊರಗಿನ ಚಪ್ಪಲಿ ಶೆಡ್ಡಿಗೆ ಬಿಡದೇ ಇರೋದು, ಇದರಲ್ಲೇ ನಡೆಸ್ತಿದೀನಿ. ಬ್ಯಾಚಿಗೆ ಒಂದಿಷ್ಟು ಮರಿ ಹೆಚ್ಚಿಗೆ ಸಾಯ್ತವೆ, ಸಾಯಲಿ.

ಪ್ಲೇಟ್ ನೋಡುವವಳು, ದಾವಣಗೆರೆ
ಮಂಗಳವಾರ, ಬೆಳಿಗ್ಗೆ 10:30

ಅಣ್ಣ, ಹೇಳಿದ್ದಕ್ಕೆ ದೊಡ್ಡ ಮನಸ್ಸು ಬೇಕು. 2015ರಲ್ಲಿ ಚೀನಾದ ಹಂದಿ ಮತ್ತು ಮಾಂಸದಲ್ಲಿ ಎಂಸಿಆರ್-1 ಅನ್ನೋ ಜೀನ್ ಸಿಕ್ಕಿತು. ಅದು ಬ್ಯಾಕ್ಟೀರಿಯಾದ ಹೊರಪೊರೆಗೆ ಒಂದು ಗುಂಪು ಸೇರಿಸಿ ಋಣ ವಿದ್ಯುದಂಶ ತಗ್ಗಿಸುತ್ತೆ, ಕೊಲಿಸ್ಟಿನ್‌ಗೆ ಹಿಡಿಯಲು ಏನೂ ಸಿಗಲ್ಲ. ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ಹಾರುವ ಜೀನ್ ಅದು. ಪೆಪ್ಟೈಡಿಗೆ ಬ್ಯಾಕ್ಟೀರಿಯಾ ಒಗ್ಗಿಕೊಳ್ಳೋದೇ ಇಲ್ಲ ಅಂತ ಬರೆಯೋರು ಇದನ್ನ ನೋಡಬೇಕು. ಒಗ್ಗಿಕೊಳ್ಳೋದು ನಿಧಾನ ಅಂತ ಬೇಕಾದ್ರೆ ಹೇಳಬಹುದು.

ಹಿರಿಯೂರು ಗೃಹಿಣಿ
ಮಂಗಳವಾರ, ಮಧ್ಯಾಹ್ನ 2:15

ನನ್ನ ಪ್ರಶ್ನೆ ದಡ್ಡತನದ್ದು ಅನಿಸಿದರೆ ಕ್ಷಮಿಸಿ. ಪೆಪ್ಟೈಡ್ ಕೆಲಸ ಮುಗಿಸಿದ ಮೇಲೆ ಆ ಪಾಲಿಮರ್ ಎಲ್ಲಿಗೆ ಹೋಗುತ್ತದೆ? ಮೈಯೊಳಗೇ ಉಳಿಯುತ್ತದಾ?

ಕಲ್ಲಿನಕೋಟೆ ಹುಡುಗ
ಮಂಗಳವಾರ, ರಾತ್ರಿ 9:00

ಅಕ್ಕ, ಇದು ದಡ್ಡತನದ ಪ್ರಶ್ನೆಯಲ್ಲ. ನಮ್ಮ ಲ್ಯಾಬಿನ ಸೆಮಿನಾರುಗಳಲ್ಲಿ ಕೇಳಲೇಬೇಕಾದ ಪ್ರಶ್ನೆ. ಪಿಇಜಿ ಮೈಯಲ್ಲಿ ಸುಲಭವಾಗಿ ಕರಗಿ ಚೂರಾಗುವುದಿಲ್ಲ. ಸಣ್ಣದಾದರೆ ಮೂತ್ರದಲ್ಲಿ ಹೋಗುತ್ತದೆ, ತೀರಾ ದೊಡ್ಡದಾದರೆ ಹೋಗುವುದು ನಿಧಾನ. ಕೆಲವರ ರಕ್ತದಲ್ಲಿ ಪಿಇಜಿಯ ವಿರುದ್ಧ ಆಂಟಿಬಾಡಿಗಳೂ ಇರುತ್ತವೆ. ಅದಕ್ಕೇ ಡೆಕ್ಸ್‌ಟ್ರಿನ್, ಕೈಟೊಸಾನ್‌ನಂಥ, ಮೈಯಲ್ಲಿ ಕಡಿದುಹೋಗುವ ಪಾಲಿಮರುಗಳ ಕಡೆ ಬಹಳ ಜನ ನೋಡುತ್ತಿರುವುದು.

ಇವತ್ತು ಮಾಡಿದ ಕೆಲಸ ಹೇಳುತ್ತೇನೆ, ಮೇಡಂ ತರಗತಿಯಲ್ಲಿ ಹೇಳಬಹುದು. ತೊಳೆದ ಕೆಂಪು ರಕ್ತಕಣಗಳನ್ನು ಸಣ್ಣ ಟ್ಯೂಬುಗಳಿಗೆ ಹಾಕಿ, ಮೊದಲನೆಯದಕ್ಕೆ ಬರೀ ಉಪ್ಪುನೀರು, ಕೊನೆಯದಕ್ಕೆ ಎಲ್ಲವನ್ನೂ ಒಡೆಯುವ ಟ್ರೈಟಾನ್, ನಡುವಿನವಕ್ಕೆ ನಮ್ಮ ಮಾದರಿಗಳನ್ನು ಹಾಕಿ 37 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟೆ. ಆಮೇಲೆ ಗಿರಗಿರ ತಿರುಗಿಸಿ ಸ್ಟ್ಯಾಂಡಿನಲ್ಲಿ ಸಾಲಾಗಿ ನಿಲ್ಲಿಸಿದೆ. ಉಪ್ಪುನೀರಿನ ಟ್ಯೂಬಿನಲ್ಲಿ ತಳದಲ್ಲಿ ಕೆಂಪು ಗುಂಡಿ, ಮೇಲೆ ತಿಳಿನೀರು. ಟ್ರೈಟಾನ್ ಟ್ಯೂಬಿನಲ್ಲಿ ಗುಂಡಿಯೇ ಇಲ್ಲ, ಪೂರ್ತಿ ದಾಳಿಂಬೆ ರಸ. ಬಿಡಿ ಪೆಪ್ಟೈಡ್ ಹಾಕಿದ್ದರಲ್ಲಿ ಗುಲಾಬಿ. ಪಾಲಿಮರಿಗೆ ಕಟ್ಟಿದ್ದರಲ್ಲಿ ತಿಳಿ. ಬೆಳಕಿಗೆ ಹಿಡಿದು ನೋಡಿದೆ, ತಿಳಿಯೇ. ಎಷ್ಟು ಒಡೆದಿದೆ ಅಂತ 540 ನ್ಯಾನೊಮೀಟರ್ ಬೆಳಕಿನಲ್ಲಿ ಅಳೆದು ಬರೆದಿಟ್ಟೆ. ಸಂತೋಷದ ಜೊತೆಗೇ ಒಂದು ಬೇಸರವೂ ಇದೆ: ಅದೇ ಮಾದರಿಯ ಎಂಐಸಿ ಬಿಡಿ ಪೆಪ್ಟೈಡಿನ ನಾಲ್ಕು ಪಟ್ಟು. ರಕ್ತ ಒಡೆಯುವ ಅಳತೆಯನ್ನು ಎಂಐಸಿಯಿಂದ ಭಾಗಿಸಿದಾಗ ಬರುವ ಸಂಖ್ಯೆ ಏರಿದರೆ ಮಾತ್ರ ಗೆದ್ದಂತೆ.

ಒಂದು ಕಷ್ಟ ಹೇಳಿಕೊಳ್ಳಬೇಕು. ಹತ್ತಿ ಬಟ್ಟೆಯನ್ನು ವಿನೈಲ್ ಸಲ್ಫೋನ್‌ನಿಂದ ಸಿದ್ಧ ಮಾಡಿ ಅದರ ಮೇಲೂ ಇದೇ ಪೆಪ್ಟೈಡ್ ಕಟ್ಟುತ್ತಿದ್ದೇನೆ, ಡ್ರೆಸ್ಸಿಂಗ್‌ಗೆ ಅಂತ. ಮೊದಲ ಸಲ ಬ್ಯಾಕ್ಟೀರಿಯಾ ಚೆನ್ನಾಗಿ ಸಾಯುತ್ತದೆ, ಬಟ್ಟೆ ಸುತ್ತ ಒಳ್ಳೇ ಝೋನ್ ಬರುತ್ತದೆ. ಮೂರು ಸಲ ತೊಳೆದ ಮೇಲೆ ಏನೂ ಉಳಿಯುವುದಿಲ್ಲ. ಎರಡು ತಿಂಗಳಿಂದ ಇದರಲ್ಲೇ ಸಿಕ್ಕಿಕೊಂಡಿದ್ದೇನೆ.

ಪ್ಲೇಟ್ ನೋಡುವವಳು, ದಾವಣಗೆರೆ
ಮಂಗಳವಾರ, ರಾತ್ರಿ 9:25

ತಮ್ಮಾ, ಬಟ್ಟೆ ಸುತ್ತ ಝೋನ್ ಬಂದರೆ ಖುಷಿ ಪಡೋದಲ್ಲ. ಗಟ್ಟಿಯಾಗಿ ಕಟ್ಟಿದ್ದರೆ ಬಟ್ಟೆ ಮುಟ್ಟಿದ ಜಾಗದಲ್ಲಿ ಮಾತ್ರ ಸಾಯಬೇಕು. ಝೋನ್ ಅಂದರೆ ಪೆಪ್ಟೈಡ್ ಬಿಟ್ಟುಕೊಂಡು ಅಗರ್‌ಗೆ ಇಳೀತಿದೆ ಅಂತ.

ಗಿರಣಿ ಊರಿನವ
ಮಂಗಳವಾರ, ರಾತ್ರಿ 9:50

ಬಟ್ಟೆ ಎಲ್ಲಿ ತಂದ್ರಿ? ಆಸ್ಪತ್ರೆಯಲ್ಲಿ ಗಾಯಕ್ಕೆ ಕಟ್ಟೋ ಗಾಜ್ ಬಟ್ಟೆನಾ, ಅಂಗಡಿ ಬಟ್ಟೆನಾ?

ಕಲ್ಲಿನಕೋಟೆ ಹುಡುಗ
ಮಂಗಳವಾರ, ರಾತ್ರಿ 9:55

ಚಿಕ್ಕಪೇಟೆಯ ಅಂಗಡಿಯಿಂದ ಬಣ್ಣ ಹಾಕದ ಕೋರಾ ಬಟ್ಟೆ, ಯಜಮಾನ್ರೇ. ಗಾಜ್ ತೀರಾ ತೆಳು, ಕತ್ತರಿಸಿದರೆ ಎಳೆ ಬಿಡುತ್ತದೆ ಅಂತ. ಬಿಸಿನೀರಲ್ಲಿ ತೊಳೆದು ಉಪಯೋಗಿಸಿದೆ.

ಗಿರಣಿ ಊರಿನವ
ಮಂಗಳವಾರ, ರಾತ್ರಿ 10:10

ಅಲ್ಲೇ ತಪ್ಪಿದೀರಿ. ಕೋರಾ ಬಟ್ಟೆಯ ಹಾಸು ನೂಲಿಗೆ (ಉದ್ದಕ್ಕೆ ಹೋಗೋ ಎಳೆಗೆ) ಮಗ್ಗಕ್ಕೆ ಏರಿಸೋ ಮುಂಚೆ ಗಂಜಿ ಕುಡಿಸಿರ್ತಾರೆ. ಬರೀ ಬಿಸಿನೀರಿಗೆ ಅದು ಪೂರ್ತಿ ಹೋಗಲ್ಲ. ನಿಮ್ಮ ರಾಸಾಯನಿಕ ಹತ್ತಿನ ಹಿಡಿದಿಲ್ಲ, ಗಂಜೀನ ಹಿಡಿದೈತೆ. ನೀವು ಪೆಪ್ಟೈಡ್ ಕಟ್ಟಿದ್ದು ಗಂಜಿಗೆ. ಪ್ರತಿ ಸಲ ತೊಳೆದಾಗ ಗಂಜಿ ಹೋಗ್ತದೆ, ಅದರ ಬೆನ್ನಿಗೆ ನಿಮ್ಮ ಪೆಪ್ಟೈಡೂ ಹೋಗ್ತದೆ. ಒಂದು ಹನಿ ನೀರು ಬಟ್ಟೆ ಮೇಲೆ ಬಿಟ್ಟು ನೋಡಿ. ಸಿದ್ಧವಾದ ಬಟ್ಟೆ ತಟ್ಟನೆ ಕುಡೀತದೆ. ಹನಿ ಮುತ್ತಿನ ಹಾಗೆ ನಿಂತ್ರೆ ಗಂಜಿ, ಮೇಣ ಎರಡೂ ಒಳಗೇ ಐತೆ.

ಕೆಮಿಸ್ಟ್ರಿ ಮಿಸ್, ದಾವಣಗೆರೆ
ಮಂಗಳವಾರ, ರಾತ್ರಿ 10:30

ಹನಿಗಿಂತ ಖಚಿತವಾದದ್ದು ಅಯೋಡಿನ್. ಪಿಷ್ಟ ಇದ್ದರೆ ನೀಲಿ. ನಮ್ಮ ಪ್ರಾಕ್ಟಿಕಲ್ ಪುಸ್ತಕದಲ್ಲೇ ಇದೆ. ಬಟ್ಟೆಯ ಅಂಚಿಗೆ ಎರಡು ಹನಿ ಹಾಕಿ ನೋಡಿ ತಮ್ಮಾ.

ಅಪ್ಪನ ಕ್ರಿಯಾಟಿನಿನ್ ಇವತ್ತು 1.7ಕ್ಕೆ ಇಳಿದಿದೆ. ಡ್ರೆಸ್ಸಿಂಗ್ ಬಿಚ್ಚುವಾಗ ಹುಣ್ಣಿನ ಅಂಚಿನಲ್ಲಿ ತೆಳು ಗುಲಾಬಿ ಚರ್ಮ ಕಂಡಿತು. ಅಮ್ಮ ಫೋಟೋ ತೆಗೆಯಲು ಹೇಳಿದರು.

ಕಲ್ಲಿನಕೋಟೆ ಹುಡುಗ
ಬುಧವಾರ, ಬೆಳಿಗ್ಗೆ 8:40

ಏಳಕ್ಕೇ ಲ್ಯಾಬಿಗೆ ಬಂದೆ. ನೀರಿನ ಹನಿ ಬಟ್ಟೆ ಮೇಲೆ ಒಂದು ನಿಮಿಷವಾದರೂ ಹಾಗೇ ಕೂತಿತ್ತು. ಅಯೋಡಿನ್ ಬಿದ್ದ ಕಡೆ ಕಡುನೀಲಿ. ಪಕ್ಕದಲ್ಲಿ ಆಸ್ಪತ್ರೆಯ ಗಾಜ್ ಇಟ್ಟು ನೋಡಿದೆ, ಅದರಲ್ಲಿ ಅಯೋಡಿನ್‌ನ ಹಳದಿ ಬಿಟ್ಟರೆ ಬೇರೆ ಬಣ್ಣ ಇಲ್ಲ.

ಯಜಮಾನ್ರೇ, ಡಿಸೈಜಿಂಗ್‌ಗೆ ಅಮೈಲೇಸ್ ಎಷ್ಟು ಹಾಕುತ್ತಿದ್ದಿರಿ, ನೀರು ಎಷ್ಟು ಬೆಚ್ಚಗಿರಬೇಕು? ಸಂಜೆ ಫೋನ್ ಮಾಡಲು ಅಡ್ಡಿಯಿಲ್ಲವೇ?

ಗಿರಣಿ ಊರಿನವ
ಬುಧವಾರ, ಬೆಳಿಗ್ಗೆ 8:52

ಮಾಡ್ರಿ. ಗಂಜಿ ತೆಗೆದ ಮೇಲೆ ಕಾಸ್ಟಿಕ್ ಸೋಡಾದಲ್ಲಿ ಕುದಿಸಿ ಮೇಣಾನೂ ತೆಗೀಬೇಕು, ಅದನ್ನ ಮರೀಬೇಡ್ರಿ. ನನ್ನ ಹಳೇ ಡೈರಿಯಲ್ಲಿ ಲೆಕ್ಕ ಬರೆದಿಟ್ಟಿದೀನಿ, ಹುಡುಕಿ ಇಟ್ಕೊಂಡಿರ್ತೀನಿ.